ಮಗ್ಗ ನಿಂತ ದಿನ

ಹೊಳೆಪ್ಪನಿಗೆ ಶಾಲು ಹೊದಿಸುತ್ತಾರಂತೆ! ಅದೂ ಯಾತಕ್ಕೆ? ಹೆಂಡತಿಯ ಜೊತೆ ಚೆನ್ನಾಗಿ ಮಾತಾಡುವುದಕ್ಕೆ! ಬನಹಟ್ಟಿಯ ಓಣಿಯಲ್ಲಿ ಈ ಸುದ್ದಿ ಕಿವಿಗೆ ಬಿದ್ದಾಗ ಗುರುಬಸವ್ವನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆ ಮಹಾಶಯನ ಹೆಂಡತಿ ಅವಳೇ.

ಗಂಡ ಮಾತಾಡುವುದಿಲ್ಲವೆಂದಲ್ಲ. ಮಾತಾಡುತ್ತಾನೆ, ಆದರೆ ಹಿತ್ತಲ ಶೆಡ್ಡಿನಲ್ಲಿ ನಾಲ್ಕೂ ಪವರ್‌ಲೂಮ್ ಮಗ್ಗ ಖಟಖಟ ಓಡುತ್ತಿರುವಾಗ ಮಾತ್ರ. ಆ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ. ಮಗ್ಗದ ಮಂದಿ ದನಿ ಎತ್ತುವ ಗೋಜಿಗೇ ಹೋಗದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಹೊಳೆಪ್ಪನೂ ಅದರಲ್ಲಿ ಪಳಗಿದವನೇ. ಶೆಡ್ಡಿನ ಆ ತುದಿಯಲ್ಲಿ ಆಳು ಚಹಾ ಎಂದರೆ ಈ ತುದಿಯಲ್ಲಿ ಅವನಿಗೆ ತಿಳಿಯುತ್ತದೆ. ಹೆಂಡತಿಯ ತುಟಿ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನ ಕಣ್ಣಿಗೆ ಬಿದ್ದಿಲ್ಲ. ತನ್ನದು ಹೇಳಿ ಮುಗಿಸಿ ಬೆನ್ನು ತಿರುಗಿಸುತ್ತಾನೆ. ಅವಳು ಮಗ್ಗ ನಿಲ್ಲಿಸಿ ಹೊರಗೆ ಬರುವಷ್ಟರಲ್ಲಿ ಬೈಕು ಓಣಿ ದಾಟಿರುತ್ತದೆ. ಆಮೇಲೆ ಕೇಳಿದರೆ, "ನಿನಗ ಕೇಳೇ ಮಾಡೀನಲ್ಲ" ಎಂಬ ಉತ್ತರ ಸಿದ್ಧ. ಹೊಲ ಮಾರಿದ್ದು ಹಾಗೆ. ಅವಳು ಸಾಕಿದ ಆಕಳನ್ನು ತೇರದಾಳದ ತನ್ನ ತಂಗಿಯ ಮನೆಗೆ ಅಟ್ಟಿದ್ದೂ ಹಾಗೆ. ಎಂಥ ಶಾಣ್ಯಾ ನೋಡಿ!

ಅದನ್ನೆಲ್ಲ ಗುರುಬಸವ್ವ ನುಂಗಿಕೊಂಡಿದ್ದಳು. ಆದರೆ ಹೋದ ವಾರ ಅವನು ಕೈ ಹಾಕಿದ್ದು ಮಗಳ ಬಾಳಿಗೆ. ಪ್ರತಿಮಾ ಜಮಖಂಡಿಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೊಂದೇ ವರ್ಷ ಬಾಕಿ. ಗುರುಬಸವ್ವ ಹರಿದ ಎಳೆಗೆ ಗಂಟು ಹಾಕುತ್ತಿದ್ದಾಗ ಹೊಳೆಪ್ಪ ಬಾಗಿಲಲ್ಲಿ ನಿಂತು ತುಟಿ ಆಡಿಸಿದ.

"ರಬಕವಿ ಕಲ್ಮೇಶನ ಮಗಗ ಪ್ರತಿಮಾನ್ನ ಕೊಡೂದಂತ ಮಾಡೀನಿ. ಓದಿದ್ದು ಸಾಕು. ಬರೂ ತಿಂಗಳ ಲಗ್ನ."

"ಬ್ಯಾಡ್ರಿ! ಆಕಿ ಓದು ಮುಗೀಲಿ!"

ಆ ಮಾತು ಸಿಕ್ಕಿದ್ದು ಅವನ ಬೆನ್ನಿಗೆ. ಊಟಕ್ಕೆ ಕೂತಾಗ ಮತ್ತೆ ಎತ್ತಿದರೆ, "ಮಾತು ಕೊಟ್ಟಾತು. ಆವಾಗ ಬಾಯಾಗ ಏನ್ ಇಟ್ಕೊಂಡಿದ್ದಿ?" ಎಂದು ರೊಟ್ಟಿ ಮುರಿದ. ಮರುದಿನ ಹಾಸ್ಟೆಲಿನಿಂದ ಮಗಳ ಫೋನು. "ಯವ್ವಾ, ನೀನೂ ಹೂಂ ಅಂದೀಯಂತಲ್ಲ ಬೇ?" ಗಂಡನ ಮೇಲಿನ ಸಿಟ್ಟನ್ನೆಲ್ಲ ನುಂಗಿದ್ದ ಗುರುಬಸವ್ವನಿಗೆ ಈ ಒಂದು ಮಾತು ತಡೆದುಕೊಳ್ಳಲಾಗಲಿಲ್ಲ. ಫೋನು ಹಿಡಿದುಕೊಂಡೇ ಅತ್ತಳು.

ಅಮಾವಾಸ್ಯೆಗೆ ಊರ ಮಗ್ಗಗಳಿಗೆಲ್ಲ ಸೂಟಿ, ಒಂದೂ ಓಡುವುದಿಲ್ಲ. ಅಂದೇ ಓಣಿಯ ನೇಕಾರರ ಸಂಘದವರು ಸಭೆ ಇಟ್ಟರು. ಸುಖೀ ಸಂಸಾರಕ್ಕೆ ಸಂವಾದ ಎಂದು ಬ್ಯಾನರು. ಉಪನ್ಯಾಸಕ್ಕೆ ಮುಧೋಳದಿಂದ ಜ್ಞಾನೇಶ್ವರ ಸರ್, ಆ ಬಿಸಿಲಲ್ಲೂ ಕೋಟು ಹಾಕಿಕೊಂಡು ಬಂದಿದ್ದರು. ಕೇಳಿಸಿಕೊಳ್ಳುವುದು ದೊಡ್ಡ ಕಲೆ ಎಂದು ಒಂದೂವರೆ ತಾಸು ಬಿಡುವಿಲ್ಲದೆ ಹೇಳಿದರು. ನಡುವೆ ಸಾತವ್ವ ಎಂಬ ಮುದುಕಿ ಏನೋ ಕೇಳಲು ಎದ್ದರೆ ಕೈಸನ್ನೆ ಮಾಡಿ ಕೂರಿಸಿದರು. ಪಾಪ, ಅವರಿಗೆ ಪುರುಸೊತ್ತೆಲ್ಲಿ!

ಆಮೇಲೆ ಹೊಳೆಪ್ಪ ದಂಪತಿಗೆ ಸನ್ಮಾನ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಿಂದ ಜಗಳದ ಸದ್ದೇ ಕೇಳಿಲ್ಲವಂತೆ. ನಾಲ್ಕು ಮಗ್ಗ ದಾಟಿ ಎಲ್ಲಿಂದ ಕೇಳಬೇಕು? ಹೊಳೆಪ್ಪ ಶಾಲು ಸರಿಮಾಡಿಕೊಂಡು ಮೈಕು ಹಿಡಿದ.

"ಈಕಿನ್ನ ಕೇಳದ ನಾ ಒಂದು ಹುಲ್ಲುಕಡ್ಡಿನೂ ಎತ್ತಿಡಂಗಿಲ್ರಿ. ಮೊನ್ನೆ ಮಗಳ ಲಗ್ನ ಸುದ್ದಾ ಈಕಿನ್ನ ಕೇಳೇ ಗೊತ್ತ ಮಾಡೀನ್ರಿ!"

ಚಪ್ಪಾಳೆಯೋ ಚಪ್ಪಾಳೆ. ರಬಕವಿಯಿಂದ ಬಂದು ಎರಡನೇ ಸಾಲಿನಲ್ಲಿ ಕೂತಿದ್ದ, ಬೀಗನಾಗಲಿರುವ ಕಲ್ಮೇಶನೂ ಮೀಸೆ ತೀಡಿಕೊಂಡ. ಗುರುಬಸವ್ವ ಸನ್ಮಾನದ ತೆಂಗಿನಕಾಯಿಯನ್ನು ಕುರ್ಚಿಯ ಮೇಲಿಟ್ಟಳು. ಇಲ್ಲಿ ಸುಮ್ಮನಿದ್ದರೆ ಮಗಳ ಮುಂದೆ ಇನ್ನೆಂದೂ ಮುಖ ಎತ್ತಲಾಗದು.

"ಅಕ್ಕಾರು ಎರಡು ಮಾತು ಆಡಬೇಕು" ಎಂದು ಸರ್ ಮೈಕು ಚಾಚಿದರು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಸಭೆಯತ್ತ ನೋಡಿದಳು. ಕೂತವರೆಲ್ಲ ಮಗ್ಗದವರೇ. ದನಿಯಿಲ್ಲದೆ, ಶೆಡ್ಡಿನಲ್ಲಿ ಆಡುವ ಹಾಗೆಯೇ, ನಿಧಾನವಾಗಿ ತುಟಿ ಆಡಿಸಿದಳು.

"ಇವರು ನನಗ ಏನೂ ಕೇಳಿಲ್ಲ. ಹೇಳಿ ಹೋಗ್ಯಾರ. ಮಗಳ ಓದು ಮುಗಿಯೂತನಕ ನಾ ಆಕಿನ್ನ ಯಾರಿಗೂ ಕೊಡೂದಿಲ್ಲ."

ಹಿಂದಿನ ಸಾಲಿನ ಸಾತವ್ವನವರೆಗೂ ಮಾತು ಮುಟ್ಟಿತ್ತು. ಮುಟ್ಟದವರು ಒಬ್ಬರೇ, ಸಂವಾದದ ಪಂಡಿತರು.

"ನೋಡಿ, ಸಂತೋಷಕ್ಕೆ ಅಕ್ಕಾರ ದನಿಯೇ ಹೊರಡುತ್ತಿಲ್ಲ! ಜೋರಾಗಿ ಚಪ್ಪಾಳೆ!" ಎಂದರು ಜ್ಞಾನೇಶ್ವರ ಸರ್.

ಒಂದು ಕೈಯೂ ಏಳಲಿಲ್ಲ. ಕಲ್ಮೇಶ ಎದ್ದು ನಿಂತ. ಅವನೂ ದನಿ ತೆಗೆಯಲಿಲ್ಲ, ತುಟಿಯಲ್ಲೇ ಕೇಳಿದ. "ಖರೇನ ಹೊಳೆಪ್ಪಾ? ತಾಯಿಗೇ ಕೇಳಿದ್ದಿಲ್ಲೇನು?"

ಮಗ್ಗಗಳೆಲ್ಲ ನಿಂತಿದ್ದವು. ವೇದಿಕೆಯ ಮೆಟ್ಟಿಲ ಬಳಿ ಮಂದಿ ತುಂಬಿದ್ದರು, ಬೆನ್ನು ತಿರುಗಿಸಿ ಹೋಗಲು ಹಾದಿ ಇರಲಿಲ್ಲ. ಹೊಳೆಪ್ಪ ಹೆಂಡತಿಯನ್ನು ನೋಡಿದ, ಶಾಲಿನ ತುದಿಯಿಂದ ಬೆವರು ಒರೆಸಿಕೊಂಡ. ಕೊನೆಗೆ ಅವನ ತುಟಿ ಒಂದಿಷ್ಟು ಅಲುಗಿತು. ಇಲ್ಲ ಅಂದಿದ್ದ.

ಗುರುಬಸವ್ವ ಸರ್ ಕೈಯಿಂದ ಮೈಕು ತೆಗೆದುಕೊಂಡು ಗಂಡನ ಬಾಯಿಗೆ ಹಿಡಿದಳು.

"ಕೇಳಸಲಿಲ್ರಿ," ಎಂದಳು. "ಜೋರ್ ಹೇಳ್ರಿ."