ಕೊನೆಗೆ ಮಾತಾಡಿದ ಮೂವರು

ಅಕ್ಕನ ಹೊಲಿಗೆ ಕೋಣೆಯಲ್ಲಿ ನನಗೆ ಸಿಕ್ಕಿದ್ದು ಅವಳ ಬೆನ್ನ ಹಿಂದಿನ ಒಂದು ಸ್ಟೂಲು. ಎರಡು ಕೈಯೂ ಮೊಣಕಾಲಿನ ಮೇಲಿರಬೇಕು, ತುಟಿ ಅಲುಗಬಾರದು, ಕ್ಯಾಮೆರಾದಿಂದ ಮರೆಯಾಗಬಾರದು. ಇದು ನ್ಯಾಯಾಧೀಶರ ಆಜ್ಞೆ. ಹೋದ ಸಲದ ಆನ್‌ಲೈನ್ ವಿಚಾರಣೆಯಲ್ಲಿ ಹಾಜರಿ ಕರೆದಾಗ 'ಬಂದಿದ್ದಾರೆ' ಎಂದು ಕೂಗಿದವಳು ನಾನು. ಕೂಗುತ್ತಾ ಕೈಬೀಸಿ ಒಂದು ನೊಣ ಓಡಿಸಿದೆ. ಭಾವನ ವಕೀಲರು ಅದನ್ನೇ ಹಿಡಿದುಕೊಂಡು, ತಂಗಿ ಹಿಂದೆ ನಿಂತು ಸನ್ನೆಯಲ್ಲಿ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ರಾಗ ಎಳೆದರು. ನೊಣಕ್ಕೂ ಕಾನೂನಿಗೂ ಏನು ಸಂಬಂಧ ಎಂದು ನಾನು ಒಳಗೊಳಗೇ ಕುದ್ದೆ. ಇನ್ನೊಮ್ಮೆ ನಾನು ಕೈಯಾಡಿಸಿದರೆ ಅಥವಾ ಬಾಯಿಬಿಟ್ಟರೆ ಅಕ್ಕನ ಹೇಳಿಕೆಯನ್ನೇ ತೆಗೆದುಕೊಳ್ಳುವುದಿಲ್ಲ ಎಂದು ನ್ಯಾಯಾಧೀಶರು ಹೇಳಿಬಿಟ್ಟರು.

ಇವತ್ತು ತೀರ್ಮಾನವಾಗಬೇಕಾದದ್ದು ಒಂದೇ. ಗುಂಡಿ ಯಾರ ಜೊತೆ ಇರಬೇಕು? ಗುಂಡಿ ಎಂದರೆ ಅಕ್ಕನ ಮಗಳು, ಎಂಟು ವರ್ಷದವಳು. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮಗಳನ್ನು ಕರೆಯುವಾಗ ಎರಡು ಬೆರಳಿನಿಂದ ಕತ್ತಿನ ಬಳಿ ಗುಂಡಿ ಹಾಕಿದ ಹಾಗೆ ಮಾಡುತ್ತಾಳೆ. ದರ್ಜಿಯ ಮಗಳಿಗೆ ಅದೇ ಹೆಸರಾಯಿತು. ಗಂಡ ಹೆಂಡತಿ ಬೇರೆಯಾದ ಮೇಲೆ, ಈ ವರ್ಷದ ಶಾಲೆ ಶುರುವಾದಾಗಿನಿಂದ, ಮಗು ಭಾವನ ಮನೆಯಲ್ಲಿದೆ. ತಾಯಿಯ ಮನೆಯಲ್ಲಿ ಮಾತೇ ಇಲ್ಲ, ರಾತ್ರಿ ಅತ್ತರೆ ಕೇಳಿಸಿಕೊಳ್ಳುವವರಿಲ್ಲ, ಅಲ್ಲಿ ಬೆಳೆದರೆ ಮಗುವೂ ಮೂಗಿಯಾಗುತ್ತದೆ ಎನ್ನುವುದು ಅವರ ವಾದ. ಗುಂಡಿ ಒಮ್ಮೆ ಬಾಯಿ ತೆರೆದರೆ ಮುಚ್ಚಿಸುವುದು ಎಷ್ಟು ಕಷ್ಟ ಎಂದು ಅವರು ನನ್ನನ್ನು ಕೇಳಬೇಕಿತ್ತು.

ಹೋದ ಸಲದ ದಾಖಲೆಯಲ್ಲಿ 'ತಾಯಿ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲ' ಎಂದು ಬರೆದಿತ್ತು. ಅಕ್ಕ ಅಷ್ಟೂ ಹೊತ್ತು ಕೈಸೋಲುವಷ್ಟು ಹೇಳಿದ್ದಳು. ಎಡವಟ್ಟು ಎಲ್ಲಾಯಿತು ಎಂದು ನನಗೆ ಆಮೇಲೆ ಹೊಳೆಯಿತು. ಆ ವಿಚಾರಣೆಯನ್ನು ಸಾಗಿಸುವ ಮೀಡಿಯಾ ಸರ್ವರ್ ನಮ್ಮ ಕಂಪನಿಯದೇ, ನನ್ನ ಅನ್ನವೂ ಅದರಲ್ಲೇ.

ಅದರ ಕೆಲಸ ಹೇಳುವುದು ಸುಲಭ. ಕರೆಯಲ್ಲಿರುವ ಎಲ್ಲರ ದನಿಯೂ ಚಿತ್ರವೂ ಮೊದಲು ಸರ್ವರ್‌ಗೆ ಬರುತ್ತವೆ. ಅದು ದನಿಗಳನ್ನು ಕೂಡಿಸಿ, ಚಿತ್ರಗಳನ್ನು ಹಂಚಿ, ಎಲ್ಲರಿಗೂ ಕಳಿಸುತ್ತದೆ. ಎಲ್ಲರ ಚಿತ್ರವನ್ನೂ ಎಲ್ಲರಿಗೂ ಕಳಿಸಹೊರಟರೆ ಇಂಟರ್ನೆಟ್ ಸರಿಯಿಲ್ಲದವರ ಗತಿ ಮುಗಿಯಿತು. ಅದಕ್ಕೇ ಕೋರ್ಟುಗಳಿಗೆ ನಾವು ಒಂದು ಕಟ್ಟು ಮಾಡಿದ್ದೆವು: ಕೊನೆಗೆ ಮಾತಾಡಿದ ಮೂವರ ಚಿತ್ರ ಮಾತ್ರ ಓಡುತ್ತಿರುತ್ತದೆ. ಉಳಿದವರದು ನಿಂತ ಚಿತ್ರ. ಯಾರು ಮಾತಾಡಿದರು ಎಂದು ಸರ್ವರ್ ತಿಳಿಯುವುದು ದನಿಯಿಂದ. ಕೈಯಲ್ಲಿ ಮಾತಾಡುವವರೂ ಇದ್ದಾರೆ ಎನ್ನುವುದು ನಮ್ಮ ಅಷ್ಟು ಜನರಲ್ಲಿ ಒಬ್ಬರ ತಲೆಗೂ ಬರಲಿಲ್ಲ. ನನ್ನ ತಲೆಗೂ ಬರಲಿಲ್ಲ. ಅಕ್ಕನ ಕೈ ನೋಡಿಕೊಂಡೇ ಬೆಳೆದವಳು ನಾನು. ನೆನೆದರೆ ನಾಚಿಕೆಯಾಗುತ್ತದೆ.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಒಬ್ಬರನ್ನು ಪಿನ್ ಮಾಡಿಟ್ಟರೆ ಅವರು ಮಾತಾಡಲಿ ಬಿಡಲಿ, ಎಲ್ಲರಿಗೂ ಕಾಣುತ್ತಲೇ ಇರುತ್ತಾರೆ. ನಮ್ಮ ವಕೀಲರು ಅರ್ಜಿ ಕೊಟ್ಟರು, ಕೋರ್ಟಿನ ಗುಮಾಸ್ತರು ಆಗಲಿ ಎಂದರು. ಹಾಗೆ ನೋಡಿದರೆ ನಾನೇ ನನ್ನ ಲ್ಯಾಪ್‌ಟಾಪಿನಿಂದ ಎರಡು ಸಾಲು ಬರೆದು ಆ ಕಟ್ಟನ್ನು ಕಿತ್ತುಹಾಕಬಹುದಿತ್ತು. ಆದರೆ ನಡೆಯುತ್ತಿರುವ ವಿಚಾರಣೆಗೆ ತಾಯಿಯ ಕಡೆಯವಳು ಕೈಹಾಕಿದಳು ಎಂದು ಗೊತ್ತಾದರೆ ನನ್ನ ಕೆಲಸ ಹಾಗಿರಲಿ, ಗುಂಡಿಯೇ ಕೈತಪ್ಪುತ್ತಾಳೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ ಲ್ಯಾಪ್‌ಟಾಪನ್ನು ಆಫೀಸಿನಲ್ಲಿ ಬಿಟ್ಟು ಬಂದಿದ್ದೆ.

"ಪಿನ್ ಕೈಕೊಟ್ಟರೆ?" ಬೆಳಗ್ಗೆ ಅಕ್ಕ ಸನ್ನೆಯಲ್ಲಿ ಕೇಳಿದ್ದಳು.

"ದನಿ ಮಾಡು. ಸರ್ವರ್ ನಿನ್ನ ಕಡೆ ತಿರುಗುತ್ತೆ."

ಅವಳು ಕತ್ತರಿಯ ಹಿಡಿಯಿಂದ ಮೇಜನ್ನು ಕುಟ್ಟಿದಳು. "ಇಷ್ಟು ಸಾಕಲ್ವಾ?"

"ಸಾಲಲ್ಲ. ಸದ್ದು ಸೋಸೋ ಜರಡಿ ಇದೆ. ಕುಟ್ಟಿದ್ದು, ಬಡಿದಿದ್ದು, ನಾಯಿ ಬೊಗಳಿದ್ದು, ಎಲ್ಲ ಅಲ್ಲೇ ಬಿದ್ದೋಗುತ್ತೆ. ಮನುಷ್ಯರ ದನಿ ಮಾತ್ರ ದಾಟುತ್ತೆ."

"ಯಾವ ಪುಣ್ಯಾತ್ಮ ಮಾಡಿದ್ದು ಅದನ್ನ?"

ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ದನಿ ಮಾತ್ರ ಬೇಡ" ಎಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಚಿಕ್ಕಂದಿನಲ್ಲಿ ಅವಳನ್ನು ಹಾಕಿದ್ದ ಶಾಲೆಯಲ್ಲಿ ಸನ್ನೆ ಮಾಡಿದರೆ ಕೈಮೇಲೆ ಏಟು ಬೀಳುತ್ತಿತ್ತು. ಮೇಷ್ಟ್ರ ಗಂಟಲಿನ ಮೇಲೆ ಬೆರಳಿಟ್ಟು, ಅದು ಅದುರುವ ಹಾಗೆ ತನ್ನ ಗಂಟಲನ್ನೂ ಅದುರಿಸಿ ದನಿ ತೆಗೆಯಬೇಕಿತ್ತು. ಅವಳು ತೆಗೆದ ದನಿಗೆ ಕಿಟಕಿಯಲ್ಲಿ ನಿಂತ ಬೀದಿ ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ಅವಳಿಗೆ ಕೇಳಿಸಲಿಲ್ಲ, ಕಾಣಿಸಿತು. ಅಂದಿನಿಂದ ಬಾಯಿಗೆ ಬೀಗ. ಗುಂಡಿ ಹುಟ್ಟಿದ ಮೇಲೆ ಮಾತ್ರ, ಮಗುವನ್ನು ಎದೆಗೊತ್ತಿಕೊಂಡು ಮಲಗಿಸುವಾಗ, ಅವಳೊಳಗಿಂದ ಒಂದು ದನಿ ಹೊರಡುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದು ಕಂಡರೆ ತಟ್ಟನೆ ನಿಲ್ಲಿಸುತ್ತಿದ್ದಳು.

ವಿಚಾರಣೆ ಶುರುವಾಯಿತು. ಪರದೆಯ ಚೌಕಗಳಲ್ಲಿ ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಸನ್ನೆ ಭಾಷೆಯ ಅನುವಾದಕರು, ಗುಮಾಸ್ತರು, ಭಾವ, ಮತ್ತೆ ನಾವು. ಮಾತಾಡುವವರ ಚೌಕಕ್ಕೆ ಹಸಿರು ಅಂಚು ಬರುತ್ತದೆ. ಅಕ್ಕನ ಮುಂದೆ ಅಳತೆಪಟ್ಟಿ, ಸೀಮೆಸುಣ್ಣ, ಕತ್ತರಿ. ಪಕ್ಕದಲ್ಲಿ ಒಂದೇ ತೋಳಿನ ಕೋಟು ತೊಟ್ಟು ನಿಂತ ಬೊಂಬೆ.

"ರಾತ್ರಿ ಮಗು ಕರೆದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ನ್ಯಾಯಾಧೀಶರು ಕೇಳಿದರು. ಅನುವಾದಕರು ಅದನ್ನು ಕೈಯಲ್ಲಿ ಹೇಳಿದರು.

ಅಕ್ಕ ಉತ್ತರ ಶುರುಮಾಡಿದಳು. ಮಣಿಕಟ್ಟಿಗೆ ಗಂಟು ಕಟ್ಟಿ ತೋರಿಸಿದಳು, ಎಳೆದು ತೋರಿಸಿದಳು, ತಾನು ಎದ್ದು ಕೂರುವುದನ್ನು ತೋರಿಸಿದಳು. ಅವಳದು ಅಚ್ಚುಕಟ್ಟಾದ ಭಾಷೆ, ಹೊಲಿಗೆಯ ಹಾಗೆ. ಪರದೆಯ ಮೂಲೆಯಲ್ಲಿ ಅವಳ ಚಿತ್ರ ಅವಳಿಗೆ ಸರಿಯಾಗಿಯೇ ಓಡುತ್ತಿತ್ತು. ಅದು ಈ ಕೋಣೆಯಲ್ಲೇ ಹುಟ್ಟಿ ಈ ಕೋಣೆಯಲ್ಲೇ ಕಾಣುವ ಚಿತ್ರ. ಅದನ್ನು ನಂಬಿ ಯಾರೂ ಉದ್ಧಾರವಾಗಿಲ್ಲ.

ಅನುವಾದಕರು ಕಾದರು. ಕಾದು, "ಅವರು ಏನೂ ಹೇಳ್ತಿಲ್ಲ, ಮೇಡಂ. ಕೈ ಕಟ್ಟಿ ಕೂತಿದ್ದಾರೆ" ಎಂದರು.

ಅವರಿಗೆ ಕಾಣುತ್ತಿದ್ದದ್ದು ಅಕ್ಕನ ನಿಂತ ಚಿತ್ರ.

"ಚಿತ್ರ ನಿಂತುಹೋಗಿರಬಹುದು" ಎಂದರು ನಮ್ಮ ವಕೀಲರು.

"ಇಲ್ಲ ಸರ್, ಅವರ ಲೈನ್ ಚೆನ್ನಾಗಿದೆ" ಎಂದರು ಗುಮಾಸ್ತರು. "ನೀವು ಹೇಳಿದ ಹಾಗೆ ಪಿನ್ ಕೂಡ ಮಾಡಿದ್ದೀನಿ. ನೋಡಿ, ಅನುವಾದಕರು ಎಷ್ಟು ಚೆನ್ನಾಗಿ ಕಾಣ್ತಿದ್ದಾರೆ."

ಅನುವಾದಕರು. ಈ ಮಹಾನುಭಾವ ಅನುವಾದಕರನ್ನು ಪಿನ್ ಮಾಡಿದ್ದರು. ಅಕ್ಕನ ಪರವಾಗಿ ಮಾತಾಡುವವರು ಅವರೇ ತಾನೇ, ಅವರು ಕಂಡರೆ ಸಾಕು ಎಂದುಕೊಂಡಿದ್ದರು. ನಮ್ಮ ವಕೀಲರಿಗೆ ಪಿನ್ ಎಂದರೆ ಬಟ್ಟೆಗೆ ಚುಚ್ಚುವುದಷ್ಟೇ ಗೊತ್ತು. ಅವರು ಸಮಾಧಾನವಾಗಿ ತಲೆಯಾಡಿಸಿದರು.

ಬರೆದು ಕಳಿಸೋಣವೆಂದರೆ ವಕೀಲರು ಅಲ್ಲಿ ಜಗಳವಾಡುತ್ತಾರೆಂದು ಚಾಟ್ ಕಿಟಕಿಯನ್ನು ಕೋರ್ಟು ಎಂದೋ ಮುಚ್ಚಿಸಿತ್ತು. ನಾನು ಒಂದು ಮಾತಾಡಿದರೆ ಸಾಕು, ಸರ್ವರ್ ಈ ಕೋಣೆಯ ಕಡೆ ತಿರುಗುತ್ತದೆ, ಅಕ್ಕ ಕಾಣುತ್ತಾಳೆ. ಆದರೆ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಅವಳ ಬೆನ್ನ ಹಿಂದೆ ಬಾಯಿಬಿಟ್ಟ ನಾನು. ನಾಲಿಗೆ ಕಚ್ಚಿಕೊಂಡು ಕೂತೆ.

"ನೋಡಿ ಮೇಡಂ, ಹೋದ ಸಲವೂ ಇದೇ ಕಥೆ" ಎಂದರು ಭಾವನ ವಕೀಲರು. "ತಾಯಿಗೇ ಆಸಕ್ತಿ ಇಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇನ್ನೊಂದು ಸಲ ಕೇಳ್ತೀನಿ. ಈಗಲೂ ಉತ್ತರ ಬರದಿದ್ದರೆ ಮಗು ಈಗಿರೋ ಕಡೆನೇ ಇರಲಿ ಅಂತ ಬರೆಸ್ತೀನಿ."

ಅನುವಾದಕರು ಅದನ್ನು ಕೈಯಲ್ಲಿ ಹೇಳಿ, ಕೊನೆಗೆ ತಾವಾಗಿಯೇ ಸೇರಿಸಿದರು: "ಯಾಕೆ ಸುಮ್ಮನಿದ್ದೀರಿ?"

ಅಕ್ಕನ ಬೆನ್ನು ಬಿಗಿಯಿತು. ಪಿನ್ ಕೈಕೊಟ್ಟಿದೆ ಎಂದು ಅವಳಿಗೆ ಅರ್ಥವಾಯಿತು. ಕತ್ತರಿ ತೆಗೆದುಕೊಂಡು ಮೇಜಿಗೆ ಕುಟ್ಟಿದಳು, ಬೊಂಬೆ ಅಲುಗಾಡುವ ಹಾಗೆ. ಪರದೆಯಲ್ಲಿ ಯಾರೂ ಕಣ್ಣೆತ್ತಲಿಲ್ಲ. ನನ್ನ ಜರಡಿ ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು. ಅದಕ್ಕಾಗಿ ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿದ್ದರು.

ಅವಳು ಕತ್ತರಿ ಕೆಳಗಿಟ್ಟು ಎಡಗೈಯನ್ನು ಗಂಟಲಿನ ಮೇಲೆ ಇಟ್ಟುಕೊಂಡಳು. ಹೊರಬಂದದ್ದು ಸಣ್ಣ ನರಳಿಕೆಯಂಥ ಒಂದು ದನಿ. ಹಸಿರು ಅಂಚು ಬರಲಿಲ್ಲ.

ಆಗ ನನಗೆ ನಿಜವಾದ ಭಯ ಹುಟ್ಟಿತು. ಮನುಷ್ಯರ ದನಿ ಹೇಗಿರುತ್ತದೆ ಎಂದು ಆ ಜರಡಿಗೆ ಕಲಿಸಲು ನಾವು ಸಾವಿರಾರು ಜನರ ದನಿ ಉಣಿಸಿದ್ದೆವು. ಹೆಂಗಸರು, ಗಂಡಸರು, ಮುದುಕರು, ಮಕ್ಕಳು, ನೆಗಡಿಯಾದವರು ಕೂಡ. ತನ್ನ ದನಿಯನ್ನು ತಾನೇ ಕೇಳದವರ ದನಿ ಅದರಲ್ಲಿ ಒಂದೂ ಇರಲಿಲ್ಲ. ಅಕ್ಕ ಬಾಯಿಬಿಟ್ಟರೆ ಆ ಜರಡಿ ಅವಳನ್ನು ಮನುಷ್ಯಳೆಂದು ಒಪ್ಪುತ್ತದೆಯೇ, ನಾಯಿಯ ಜೊತೆ, ಬಾಗಿಲ ಸದ್ದಿನ ಜೊತೆ ಆಚೆ ಎಸೆಯುತ್ತದೆಯೇ, ನನಗೇ ಗೊತ್ತಿರಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತುಬಿಡಬೇಕು ಅನ್ನಿಸಿತು. ಕೈ ಮೊಣಕಾಲಿನ ಮೇಲೇ ಇತ್ತು.

"ಸರಿ, ಹಾಗಾದರೆ ಬರಕೊಳ್ಳಿ" ಎಂದರು ನ್ಯಾಯಾಧೀಶರು.

ಅಕ್ಕ ಕಣ್ಣು ಮುಚ್ಚಿದಳು. ಎದೆ ತುಂಬ ಉಸಿರು ಎಳೆದುಕೊಂಡು, ಬೀಗ ಒಡೆದ ಹಾಗೆ, ದನಿ ಬಿಟ್ಟಳು. ಅದು ಕೂಗಲ್ಲ, ಅಳುವಲ್ಲ. ಮಗುವನ್ನು ಮಲಗಿಸುವಾಗಿನ ಅದೇ ದನಿ, ಹತ್ತು ಪಟ್ಟು ದೊಡ್ಡದು. ಕೆಳಗೆ ಶುರುವಾಗಿ, ಓಲಾಡುತ್ತಾ, ಎಲ್ಲೆಲ್ಲೋ ಏರಿ ಇಳಿಯಿತು. ನನ್ನ ಸ್ಟೂಲು ಅದುರಿತು. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯಲ್ಲಿ ಇಣುಕಿದರು.

ಹಸಿರು ಅಂಚು ಬಂತು.

ಅನುವಾದಕರು ಕುರ್ಚಿಯಲ್ಲಿ ನೆಟ್ಟಗಾದರು. "ಮೇಡಂ, ಇವರು ಮಾತಾಡ್ತಿದ್ದಾರೆ. ಈಗ ಕಾಣ್ತಿದೆ."

ಅಕ್ಕ ಕಣ್ಣು ತೆರೆದು ಎರಡೂ ಕೈಯಲ್ಲಿ ಹೇಳಿದಳು, ದನಿ ನಿಲ್ಲಿಸದೆ. ಅನುವಾದಕರು ಆ ದನಿಯ ಮೇಲೆಯೇ ಓದುತ್ತಾ ಹೋದರು. "ನಾನು ದನಿ ನಿಲ್ಲಿಸಿದರೆ ನಿಮಗೆ ಕಾಣಲ್ಲ. ಹೋದ ಸಲವೂ ನಾನು ಎಲ್ಲಾ ಹೇಳಿದ್ದೆ. ಮಗಳು ಇಲ್ಲಿದ್ದಾಗ ರಾತ್ರಿ ಅವಳ ಕೈಗೂ ನನ್ನ ಕೈಗೂ ಒಂದು ರಿಬ್ಬನ್ ಕಟ್ಕೊಂಡು ಮಲಗ್ತಿದ್ದೆ. ಅವಳು ಮಗ್ಗುಲು ಬದಲಿಸಿದರೂ ನನಗೆ ಗೊತ್ತಾಗ್ತಿತ್ತು."

"ಆ ಸದ್ದು ನಿಲ್ಲಿಸೋಕೆ ಹೇಳಿ, ಮೇಡಂ" ಎಂದರು ಭಾವನ ವಕೀಲರು. "ಕಿವಿ ಹೋಗ್ತಿದೆ."

"ಅದು ಸದ್ದಲ್ಲ, ಅವರ ದನಿ" ಎಂದರು ನ್ಯಾಯಾಧೀಶರು. "ನಿಮ್ಮ ದನಿ ಸ್ವಲ್ಪ ಹೊತ್ತು ನಿಲ್ಲಲಿ. ಮಗುವನ್ನ ಕರೆಸಿ. ತಂದೆ ಹೊರಗಿರಲಿ."

ಭಾವನ ಚೌಕದಲ್ಲಿ ಮಂಚದ ಮೇಲೆ ಗುಂಡಿ ಬಂದು ಕೂತಳು, ಪಕ್ಕದಲ್ಲಿ ಅಕ್ಕನ ಅತ್ತೆ. ಅತ್ತೆಯ ಕೈ ಮಗುವಿನ ಹೆಗಲ ಮೇಲೆ ಭದ್ರವಾಗಿತ್ತು. ಗುಂಡಿ "ಹಾಂ" ಎಂದದ್ದಷ್ಟೇ. ನ್ಯಾಯಾಧೀಶರು ಮಾತಾಡಿದರು, ಅಕ್ಕ ದನಿ ಮಾಡುತ್ತಲೇ ಇದ್ದಳು, ಬೇಡವೆಂದರೂ ಭಾವನ ವಕೀಲರು ನಡುವೆ ಬಾಯಿಹಾಕಿದರು. ಪಿನ್ ಆದ ಅನುವಾದಕರನ್ನು ಬಿಟ್ಟು ಮೂವರು ಆದರು. ಮಗುವಿನ ಚಿತ್ರ ನಿಂತುಹೋಯಿತು.

"ನಿನಗೆ ಎಲ್ಲಿರೋಕೆ ಇಷ್ಟ, ಪುಟ್ಟಿ?"

ಉತ್ತರವಿಲ್ಲ. ನಿಂತ ಚಿತ್ರದಲ್ಲಿ ಗುಂಡಿಯ ಒಂದು ಕೈ ಮಡಿಲಿನಿಂದ ಅರ್ಧ ಮೇಲೆದ್ದಿತ್ತು. ವಟವಟ ಎನ್ನುವ ಹುಡುಗಿ ಬಾಯಿ ಮುಚ್ಚಿಕೊಂಡಿದ್ದು ಯಾಕೆಂದು ನನಗೆ ಗೊತ್ತಾಯಿತು. ಅಜ್ಜಿಗೆ ಸನ್ನೆ ಬಾರದು. ಮಗು ಅಜ್ಜಿಗೆ ತಿಳಿಯದ ಹಾಗೆ ಹೇಳುತ್ತಿತ್ತು, ಹೇಳಿದ್ದು ಯಾರಿಗೂ ತಲುಪುತ್ತಿರಲಿಲ್ಲ.

"ಅಮ್ಮನ ಹತ್ತಿರ ಹೋಗೋಕೆ ಮಗುಗೆ ಇಷ್ಟವಿಲ್ಲ ಅಂತ ಕಾಣುತ್ತೆ" ಎಂದರು ಭಾವನ ವಕೀಲರು, ಮೃದುವಾಗಿ.

ಅಕ್ಕ ಆ ಅರ್ಧ ಎದ್ದ ಕೈಯನ್ನು ನೋಡಿದಳು. ಕತ್ತಿನ ಬಳಿ ಗುಂಡಿ ಹಾಕಿ ಮಗಳನ್ನು ಕರೆದಳು. ಆಮೇಲೆ ತನ್ನ ಗಂಟಲು ಮುಟ್ಟಿ, ಪರದೆಯ ಕಡೆ ಬೆರಳು ತೋರಿಸಿದಳು: ನನ್ನ ಹಾಗೆ ಮಾಡು.

"ನೀವಿರಿ, ಮಗು ಹೇಳಲಿ" ಎಂದರು ನ್ಯಾಯಾಧೀಶರು ವಕೀಲರಿಗೆ. ಆಮೇಲೆ ಮಗುವಿನ ಚೌಕದಿಂದ ಒಂದು ದನಿ ಬಂತು. ಗುಂಡಿಗೆ ಮಾತು ಬರುತ್ತದೆ, ಹಾಡು ಬರುತ್ತದೆ, ಬೈಗುಳವೂ ಒಂದೆರಡು ಬರುತ್ತದೆ. ಅವಳು ತೆಗೆದದ್ದು ಅಮ್ಮನ ದನಿ, ಅದೇ ಓಲಾಟ, ಅದೇ ಏರಿಳಿತ. ಅದನ್ನು ಎದೆಗೆ ಕಿವಿಯಿಟ್ಟು ಕಲಿತವಳು ಈ ಲೋಕದಲ್ಲಿ ಅವಳೊಬ್ಬಳೇ. ಅವಳ ಚೌಕಕ್ಕೆ ಹಸಿರು ಅಂಚು ಬಂತು, ಭಾವನ ವಕೀಲರ ಚಿತ್ರ ಅರ್ಧ ತೆರೆದ ಬಾಯಲ್ಲಿ ನಿಂತಿತು.

"ಏನಾಯ್ತೇ ನಿಂಗೆ?" ಎಂದರು ಅತ್ತೆ ಗಾಬರಿಯಾಗಿ. ಗುಂಡಿ ದನಿ ನಿಲ್ಲಿಸದೆ ಕೈಯಲ್ಲಿ ಹೇಳಿದಳು. ಅನುವಾದಕರು ಅದನ್ನು ಓದಿದರು.

"ನನ್ನ ಬಟ್ಟೆ ಎಲ್ಲ ಬ್ಯಾಗಿಗೆ ತುಂಬಿಟ್ಟಿದ್ದೀನಿ. ಮಂಚದ ಕೆಳಗಿದೆ. ಹೋದ ಸಲವೇ ತುಂಬಿದ್ದೆ. ಅಮ್ಮ ಏನೂ ಹೇಳಲಿಲ್ಲ ಅಂದ್ರು. ಆದ್ರೂ ನಾನು ಬಟ್ಟೆ ತೆಗೀಲಿಲ್ಲ."

ಅತ್ತೆ ಎದ್ದು ಮಂಚದ ಕೆಳಗೆ ಬಗ್ಗಿ ನೋಡಿದ್ದು, ಬ್ಯಾಗಿನ ಪಟ್ಟಿ ಹಿಡಿದು ಎಳೆದದ್ದು ಎಲ್ಲರಿಗೂ ಕಾಣಿಸಿತು, ಯಾಕೆಂದರೆ ಗುಂಡಿ ಇನ್ನೂ ದನಿ ನಿಲ್ಲಿಸಿರಲಿಲ್ಲ.

ನ್ಯಾಯಾಧೀಶರು ಹೋದ ಸಲದ ದಾಖಲೆಯ ಪುಟ ತಿರುಗಿಸಿದರು. ಆಮೇಲೆ ಗುಮಾಸ್ತರಿಗೆ ಹೇಳಿದರು: "ಬರಕೊಳ್ಳಿ. ಮಗು ಇವತ್ತು ಸಂಜೆಯೊಳಗೆ ತಾಯಿ ಮನೆಯಲ್ಲಿರಬೇಕು. ಹೋದ ಸಲದ ದಾಖಲೆಯಲ್ಲಿ ತಾಯಿ ಉತ್ತರಿಸಲಿಲ್ಲ ಅಂತಿದೆಯಲ್ಲ, ಅದನ್ನ ಹೊಡೆದುಹಾಕಿ. ನಾವು ನೋಡಲಿಲ್ಲ ಅಂತ ಬರೀರಿ."

ಕರೆ ಮುಗಿದು ಪರದೆ ಕಪ್ಪಾಯಿತು. ಕಿಟಕಿಯಲ್ಲಿ ನಿಂತಿದ್ದವರು ಹೊರಟುಹೋದರು. ಅಕ್ಕ ಕಪ್ಪು ಪರದೆಯ ಮುಂದೆ ಗಂಟಲ ಮೇಲೆ ಕೈಯಿಟ್ಟುಕೊಂಡು ಆ ದನಿಯನ್ನು ಹಾಗೇ ಹೊರಡಿಸುತ್ತಿದ್ದಳು. ಕರೆ ಮುಗಿಯಿತು, ಇನ್ನು ಸಾಕು ಎಂದು ಹೇಳಬೇಕಾದವಳು ನಾನು. ನನ್ನ ಕೈ ಮೊಣಕಾಲಿನಿಂದ ಮೇಲೇಳಲಿಲ್ಲ.