ಐವತ್ತಾರನೆಯ ಪೆಟ್ಟು

ಅಣ್ಣನಿಗೂ ತಮ್ಮನಿಗೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮನೆಗಾಗಿ ಅಲ್ಲ, ಮನೆಯವರಿಗಾಗಿ ಅಲ್ಲ, ಒಂದು ತಾಳಕ್ಕಾಗಿ.

ಅಣ್ಣ ಗಣಿತದ ಮೇಷ್ಟ್ರು, ಬಿಡುವಿದ್ದಾಗ ಕೀಬೋರ್ಡು ನುಡಿಸುವವನು. ತಮ್ಮ ಕಾರು ರಿಪೇರಿಯವನು, ಅವನದು ಡ್ರಮ್ಸು. ಇಬ್ಬರ ನಡುವೆ ಹುಟ್ಟಿದವಳು ಆಸ್ಪತ್ರೆಯಲ್ಲಿ ನರ್ಸು. ಬಾಸ್ ಗಿಟಾರು ಅವಳದು. ಮೂವರಿಗೂ ಚಿಕ್ಕಂದಿನಿಂದ ಪ್ರೊಗ್ರೆಸಿವ್ ರಾಕ್ ಹುಚ್ಚು. ಒಂದೇ ಹಾಡು ಇಪ್ಪತ್ತು ನಿಮಿಷ, ಅದರೊಳಗೆ ಹತ್ತು ತಿರುವು. ಅಂಥದೊಂದು ತಿರುವಿನಲ್ಲಿ ಏಳರ ಎಣಿಕೆ ಇರಲೆಂದು ಅಣ್ಣ, ಎಂಟೇ ಇರಲೆಂದು ತಮ್ಮ ಹಟ ಹಿಡಿದರು.

"ನಿನಗೆ ಎಣಿಸೋಕೆ ಬರಲ್ಲ" ಎಂದ ಅಣ್ಣ.

"ನಿನಗೆ ಎಣಿಸೋದು ಬಿಟ್ರೆ ಬೇರೇನೂ ಬರಲ್ಲ" ಎಂದ ತಮ್ಮ.

ಮೂವರೂ ಸೇರಿ ಕಟ್ಟಿದ್ದ ಬ್ಯಾಂಡು ಅಲ್ಲಿಗೇ ಮಣ್ಣುಪಾಲಾಯಿತು. ಅಂದಿನಿಂದ "ಅವನಿಗೆ ಹೇಳು", "ಅವನಿಗೇ ಹೇಳು" ಎಂಬ ಎರಡು ಮಾತಿನ ನಡುವೆ ಓಡಾಡಿ ನರ್ಸಿಗೆ ಸಾಕುಬೇಕಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಅವಳು ಎರಡರಲ್ಲೇ ಕೆಲಸ ಮುಗಿಸಿದಳು. ಸ್ಟುಡಿಯೋ ಗೊತ್ತುಮಾಡಿ, "ಅವನು ಆಗಲೇ ಒಪ್ಪಿದಾನೆ, ನೀನೇ ಹೆದರ್ತಿದೀಯಂತೆ" ಎಂದು ಅಣ್ಣನಿಗೆ ಹೇಳಿದಳು. ತಮ್ಮನಿಗೂ ಅದನ್ನೇ ಒಪ್ಪಿಸಿದಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹಾಜರು.

ಸ್ಟುಡಿಯೋ ಎಂದರೆ ಹಿಂದೆ ಮೇಜು ಕುರ್ಚಿ ತುಂಬಿಡುತ್ತಿದ್ದ ಗೋದಾಮು. ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿದ್ದರು. ಗಾಜಿನ ಆಚೆ ಕನ್ನಡಕವನ್ನು ಹಣೆಗೇರಿಸಿಕೊಂಡು ರೆಕಾರ್ಡಿಂಗ್ ಮೇಡಂ ಕೂತಿದ್ದರು.

"ಬರ್ಕೊಂಡು ಬಂದಿರೋ ಹಾಡು ಯಾವುದೂ ಇಲ್ಲ" ಎಂದು ನರ್ಸು ನಿಯಮ ಹೇಳಿದಳು. "ಬರೆದ್ರೆ ಜಗಳ ಆಗತ್ತೆ. ಬಂದದ್ದನ್ನ ನುಡಿಸೋದು. ನಾನು ಕೈ ಎತ್ತೋವರೆಗೂ ಯಾರೂ ನಿಲ್ಲಿಸೋ ಹಾಗಿಲ್ಲ."

ಮೊದಲ ಅರ್ಧಗಂಟೆ ಕೇಳುವಂತಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮೇಡಂ ಹೆಡ್‌ಫೋನಿನಲ್ಲಿ, "ಮೂರು ಜನ ಮೂರು ಊರಿಗೆ ಹೊರಟಂಗಿದೆ. ಸ್ವಲ್ಪ ನೀರು ಕುಡೀರಪ್ಪ" ಎಂದರು.

ಎರಡನೆಯ ಸಲ ಅಣ್ಣ ಬೇಕೆಂತಲೇ ಏಳರ ಎಣಿಕೆಯ ತುಣುಕೊಂದನ್ನು ಹಿಡಿದ. ತಮ್ಮ ಕಣ್ಣು ಕಿರಿದು ಮಾಡಿ ನೋಡಿ, ಎಂಟರಲ್ಲಿ ಬಾರಿಸತೊಡಗಿದ. ಹಳೆಯ ಜಗಳ ಬಾಯಿಂದ ಕೈಗೆ ಇಳಿದಿತ್ತು. ನರ್ಸು ಯಾರ ಪಕ್ಷವನ್ನೂ ವಹಿಸದೆ ಒಂದೇ ಸ್ವರ ಹಿಡಿದು, ಪಾದದಲ್ಲಿ ಎಣಿಸುತ್ತ ನಿಂತಳು. ಏಳೆಂಟಲಿ ಐವತ್ತಾರು, ಎಂಟೇಳಲಿ ಐವತ್ತಾರು. ಮಗ್ಗಿ ಹೇಳಿಕೊಡುವ ಮೇಷ್ಟ್ರಿಗೂ ಎರಡು ಎಣಿಕೆಯೂ ಐವತ್ತಾರಕ್ಕೊಮ್ಮೆ ಕೂಡುತ್ತವೆಂಬುದು ಮೂರು ವರ್ಷದಲ್ಲಿ ಹೊಳೆದಿರಲಿಲ್ಲ. ಸಿಟ್ಟು ಬಂದವನಿಗೆ ಮಗ್ಗಿ ಎಲ್ಲಿ ನೆನಪಿರುತ್ತದೆ!

ಐವತ್ತಾರು ಮುಗಿದದ್ದೇ ಮೂವರೂ ಒಟ್ಟಿಗೆ ಬಂದು ಬಿದ್ದರು, ದಢ್ ಎಂದು.

ಅಣ್ಣನ ಹುಬ್ಬು ಮೇಲೇರಿತು. ತಮ್ಮ ತಲೆಯೆತ್ತಿದ. ತಾಳ ಬೇರೆಬೇರೆಯಾಯಿತು, ಐವತ್ತಾರಕ್ಕೆ ಮತ್ತೆ ಒಟ್ಟಿಗೆ ಬಂದು ಬಿದ್ದರು. ಮೂರನೆಯ ಸಲ ಇಬ್ಬರೂ ಅದಕ್ಕಾಗಿ ಕಾಯುತ್ತಿದ್ದರು. ಆಮೇಲೆ ತಮ್ಮ ತಾನಾಗಿ ಏಳಕ್ಕೆ ಇಳಿದ. ಅಣ್ಣ ನಕ್ಕು ಎಂಟಕ್ಕೆ ಹತ್ತಿದ. ನಡುವೆ ಎಲ್ಲ ತಣ್ಣಗಾಗಿ, ಕೀಬೋರ್ಡು ಒಂಟಿಯಾಗಿ ಹಾಡಿತು. ತಮ್ಮ ಕೋಲು ಕೆಳಗಿಟ್ಟು ಬೆರಳಲ್ಲೇ ಡ್ರಮ್ ಸವರಿದ. ಮತ್ತೆ ಕೋಲು ಹಿಡಿದವನಿಗೆ ಆವೇಶ ಬಂತು.

"ಲೋ, ನಿಧಾನ ಕಣೋ! ಎಲ್ಲಿಗೆ ಓಡ್ತೀಯ?" ಅಣ್ಣ ಕಿರುಚಿದ.

"ನೀನೂ ಬಾ ಅಣ್ಣ! ಬಾ!"

ಗಾಜಿನ ಆಚೆ ಮೇಡಂ ಅರ್ಧ ಎದ್ದು ನಿಂತರು. ನರ್ಸಿನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಬಾಸಿನ ಮೇಲೆ. ಅವಳು ಕೈ ಎತ್ತುವ ಹೊತ್ತಿಗೆ ನಲವತ್ತಮೂರು ನಿಮಿಷವಾಗಿತ್ತು.

"ನಡುವೆ ಮಾತಾಡಿದ್ದೂ ಬಂದುಬಿಟ್ಟಿದೆ. ಇನ್ನೊಂದ್ಸಲ ನುಡಿಸ್ತೀರಾ?" ಎಂದು ಮೇಡಂ ಕೇಳಿದರು.

"ಇನ್ನೊಂದ್ಸಲ ಎಲ್ಲಿ ಬರತ್ತೆ ಮೇಡಂ? ಇರ್ಲಿ ಬಿಡಿ" ಎಂದ ಅಣ್ಣ. ಆಮೇಲೆ ತಮ್ಮನತ್ತ ತಿರುಗಿ, "ನಾನು ಹೆದರ್ತೀನಿ ಅಂದ್ಯಂತೆ?"

"ನಾನಾ? ನೀನಲ್ವಾ ಅಂದಿದ್ದು?"

ಇಬ್ಬರೂ ಒಟ್ಟಿಗೆ ತಿರುಗಿದರು. ನರ್ಸು ಆಗಲೇ ಟೀ ತರುವ ನೆಪದಲ್ಲಿ ಬಾಗಿಲು ದಾಟಿದ್ದಳು. ಹಿಂದಿನಿಂದ ಬಿದ್ದು ಬಿದ್ದು ನಗುವ ಸದ್ದು ಕೇಳಿದ ಮೇಲೆಯೇ ಒಳಗೆ ಬಂದಳು.

ಆ ನಲವತ್ತಮೂರು ನಿಮಿಷ ಒಂದು ಪೆಟ್ಟೂ ಬದಲಾಗದೆ ಆಲ್ಬಂ ಆಗಿ ಹೊರಬಂತು. ಪೂರ್ತಿ ಕೇಳಿದ ಅಮ್ಮ, "ಹಾಡೋರು ಬರೋ ಮುಂಚೆನೇ ಮುಗೀತಲ್ಲೋ!" ಎಂದಳು. ಅಣ್ಣತಮ್ಮಂದಿರು ಮುಂದಿನ ತಿಂಗಳಿಗೆ ತಾವೇ ಸ್ಟುಡಿಯೋ ಗೊತ್ತುಮಾಡಿದರು. ಯಾವ ವಾರ ಎಂಬುದಕ್ಕೆ ಫೋನಿನಲ್ಲಿ ಒಂದು ಗಂಟೆ ಜೋರು ಜಗಳವಾಯಿತಂತೆ. ನರ್ಸಿಗೆ ಅದು ಮಾರನೆಯ ದಿನ ಗೊತ್ತಾಯಿತು. ಅವಳ ಮೂಲಕ ಯಾರೂ ಏನೂ ಹೇಳಿಕಳಿಸಿರಲಿಲ್ಲ.