ಬೋಳಿ ಎಂಬ ಕಿನ್ನರಿ

ಸಾಂಬಾರು ಕುದಿಯಲು ಬಿಟ್ಟು ಸುಶೀಲ ಮಗಳ ಮೂರನೆಯ ಕಾದಂಬರಿಯ ಕರಡು ಓದತೊಡಗಿದಳು. ಎರಡನೆಯ ಪುಟಕ್ಕೇ ಸೌಟು ಹಿಡಿದ ಕೈ ನಿಂತಿತು. ಕಥೆಯ ಪುಟ್ಟ ಕಿನ್ನರಿಗೆ ಚೈತನ್ಯಾ ಇಟ್ಟ ಹೆಸರು ಬೋಳಿ.

ಅದು ೨೦೦೭. ಚೈತನ್ಯಾಳ ಮೊದಲೆರಡು ಇಂಗ್ಲಿಷ್ ಕಾದಂಬರಿಗಳು ದೇಶದ ಹುಡುಗ ಹುಡುಗಿಯರಿಗೆಲ್ಲ ಹುಚ್ಚು ಹಿಡಿಸಿದ್ದವು. ಅವುಗಳ ಹಾರುವ ಮೊಸಳೆ, ಮಾತಾಡುವ ಒನಕೆ ಎಲ್ಲವೂ ಎರ್ನಾಕುಲಂನ ಕಲೂರಿನ ಇದೇ ಅಡುಗೆಮನೆಯಲ್ಲಿ, ಪುಟ್ಟ ಮಗಳ ಬಾಯಿಗೆ ತುತ್ತಿಡಲೆಂದು ಸುಶೀಲ ಕನ್ನಡದಲ್ಲಿ ಕಟ್ಟಿ ಹೇಳಿದವು. ಸಂದರ್ಶನಗಳಲ್ಲಿ ಮಗಳು "ಎಲ್ಲ ಕನಸಿನಲ್ಲಿ ಬಂದವು" ಎನ್ನುತ್ತಿದ್ದಳು. ಸುಶೀಲ ಅದನ್ನೂ ನುಂಗಿಕೊಂಡಿದ್ದಳು. ಈ ಹೆಸರು ಮಾತ್ರ ಗಂಟಲಿಳಿಯಲಿಲ್ಲ.

"ಈ ಹೆಸರು ಬೇಡ ಮಗಾ."

"ಯಾಕಮ್ಮೇ? ತಿರುವನಂತಪುರದ ಬೋಳಿ! ಪಾಯಸದ ಜೊತೆ ಬಡಿಸ್ತಾರಲ್ಲ, ಹಳದಿ ಹೋಳಿಗೆ, ಅದು!" ಮಗಳು ಎಂದಿನಂತೆ ಮಲಯಾಳದಲ್ಲೇ ಅಂದಳು.

"ನಿನಗೆ ಹೋಳಿಗೆ. ನಮ್ಮ ಊರಲ್ಲಿ ಅದು ಗಂಡ ಸತ್ತವಳಿಗೆ ಹೇಳುವ ಬೈಗುಳ. ನಿನ್ನ ಅಪ್ಪ ತೀರಿಕೊಂಡ ವರ್ಷ ಕಾಸರಗೋಡಿನ ಮದುವೆಯಲ್ಲಿ ದೊಡ್ಡತ್ತೆ 'ಬೋಳಿ ಎದುರು ಬಂದ್ಲು' ಅಂತ ನನ್ನನ್ನು ಚಪ್ಪರದಿಂದ ಹೊರಗೆ ಕಳಿಸಿದ್ರು. ನೀನು 'ನಂಗೂ ಬೋಳಿ ಬೇಕು' ಅಂತ ಅತ್ತದ್ದು ನೆನಪುಂಟಾ?"

ಚೈತನ್ಯಾಳ ಕಣ್ಣು ತುಂಬಿತು. ಅವಳು ತಾಯಿಯನ್ನು ತಬ್ಬಿಕೊಂಡಳು. ಹೆಸರು ಬದಲಾಯಿಸುತ್ತೇನೆ ಎಂಬ ಒಂದು ಮಾತಿಗೆ ಸುಶೀಲ ಕಾದಳು.

"ಇದನ್ನು ಯಾಕಮ್ಮೇ ಇಷ್ಟು ದಿನ ಹೇಳಲಿಲ್ಲ?" ಎಂದಳು ಮಗಳು.

ಪುಸ್ತಕ ತಿರುವನಂತಪುರದಲ್ಲಿ ಬಿಡುಗಡೆಯಾದ ದಿನ ಮುಖಪುಟದ ಮೇಲೆ ಅದೇ ಹೆಸರು ಹೊಳೆಯುತ್ತಿತ್ತು. ಮಗಳು ಮೈಕಿನಲ್ಲಿ ಚಪ್ಪರದ ಪ್ರಸಂಗ ಹೇಳಿದಳು, ಅತ್ತೆಯ ದನಿಯನ್ನೂ ಅಣಕಿಸಿ. ಸಭೆ ಕಣ್ಣೊರೆಸಿಕೊಂಡಿತು. "ನನ್ನ ನಿಜವಾದ ಬೋಳಿ ಇಲ್ಲೇ ಇದ್ದಾಳೆ!" ಎಂದು ಅವಳು ಮುಂದಿನ ಸಾಲಿಗೆ ಕೈ ಚಾಚಿದಾಗ ಮಕ್ಕಳು ಎದ್ದು "ಬೋಳಿ! ಬೋಳಿ!" ಎಂದು ಚಪ್ಪಾಳೆ ತಟ್ಟಿದರು. ಸುಶೀಲ ಸೆರಗು ಸರಿಮಾಡಿಕೊಂಡು ಎದ್ದು ಕೈಮುಗಿದಳು. ಮಗಳ ಮರ್ಯಾದೆಯ ಪ್ರಶ್ನೆ.

ವಾಪಸು ಎರ್ನಾಕುಲಂ ರೈಲಿನಲ್ಲಿ ಚೈತನ್ಯಾ ಅಮ್ಮನ ಹೆಗಲಿಗೆ ಒರಗಿದಳು.

"ಪ್ರಕಾಶಕರಿಗೆ ನಾಲ್ಕನೇದು ಬೇಗ ಬೇಕಂತೆ. ಬಾವಿಯೊಳಗಿನ ರಾಣಿಯ ಕಥೆ ಹೇಳ್ತಿದ್ದಿಯಲ್ಲ, ನಾನು ಅರ್ಧಕ್ಕೇ ನಿದ್ದೆ ಹೋಗ್ತಿದ್ದೆ. ಕಡೆಗೆ ಅವಳಿಗೆ ಏನಾಯ್ತು?"

"ಅದನ್ನು ಕೊಡುದಿಲ್ಲ ಮಗಾ."

ತಮಾಷೆ ಎಂದುಕೊಂಡು ಚೈತನ್ಯಾ ನಕ್ಕಳು. ಪೆನ್ನು ತೆಗೆದು ಕಾದಳು. ಕೊಲ್ಲಂ ದಾಟಿತು, ಕಾಯಂಕುಳಂ ದಾಟಿತು. ಸುಶೀಲ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.